ಪೀಣ್ಯದ ಶೆಡ್‌ನಲ್ಲಿ ರೂಪುಗೊಂಡ ಬುಗುರಿ

ಬಲ ಮತ್ತು ಚಲನೆಯ ಚರಿತ್ರೆ ನಮ್ಮ ಪಠ್ಯಗಳಲ್ಲಿ ಗೆಲಿಲಿಯೋನಿಂದ ಹೊರಟು, 1687ರಲ್ಲಿ ಪ್ರಕಟವಾದ ನ್ಯೂಟನ್ನನ ‘ಪ್ರಿನ್ಸಿಪಿಯಾ’ದ ಹತ್ತಿರ ಬಂದು ನಿಂತುಬಿಡುತ್ತದೆ. ಕರ್ನಾಟಕದ ಮಟ್ಟಿಗೆ ಆ ಚರಿತ್ರೆಯ ಮುಖ್ಯ ಅಧ್ಯಾಯವೊಂದು ನಡೆದದ್ದು ಪೀಣ್ಯ ಕೈಗಾರಿಕಾ ಪ್ರದೇಶದ ಶೀಟು ಹೊದಿಸಿದ ಶೆಡ್‌ಗಳೊಳಗೆ.

1972ರ ಮೇ ತಿಂಗಳಲ್ಲಿ ಸೋವಿಯತ್ ಒಕ್ಕೂಟದೊಡನೆ ಒಪ್ಪಂದವಾಯಿತು: ಉಪಗ್ರಹ ಭಾರತದ್ದು, ರಾಕೆಟ್ ಅವರದು. ಉಡುಪಿ ಸೀಮೆಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರ ಮುಂದಾಳತ್ವದಲ್ಲಿ, ಮೂರು ವರ್ಷ ತುಂಬುವುದರೊಳಗೆ ಆ ಶೆಡ್‌ಗಳಲ್ಲೇ 26 ಮುಖಗಳ, 360 ಕಿಲೋ ತೂಕದ ‘ಆರ್ಯಭಟ’ ಸಿದ್ಧವಾಗಿತ್ತು. 1975ರ ಏಪ್ರಿಲ್ 19ರಂದು ಅದು ಕಕ್ಷೆ ಸೇರಿತು.

ಅಂತರಿಕ್ಷದಲ್ಲಿ ಕಾಲೂರಲು ನೆಲವಿಲ್ಲ. ಅಲ್ಲಿ ಉಪಗ್ರಹ ಓಲಾಡದೆ ಇರಬೇಕಾದರೆ ಏನು ಮಾಡಬೇಕು? ಬುಗುರಿ ಆಡಿದ ಹುಡುಗರಿಗೆ ಇದರ ಉತ್ತರ ಕೈಗೇ ಗೊತ್ತು: ಜೋರಾಗಿ ತಿರುಗುವ ವಸ್ತು ತನ್ನ ಅಕ್ಷದ ದಿಕ್ಕನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಆರ್ಯಭಟಕ್ಕೂ ಅದೇ ಉಪಾಯ. ಸಿಲಿಂಡರ್‌ಗಳಲ್ಲಿ ಒತ್ತಿ ತುಂಬಿದ ಅನಿಲ ಸಣ್ಣ ಮೂತಿಗಳಿಂದ ಚಿಮ್ಮಿದರೆ, ನ್ಯೂಟನ್ನನ ಮೂರನೆಯ ನಿಯಮದಂತೆ ಉಪಗ್ರಹ ಎದುರು ದಿಕ್ಕಿಗೆ ಗಿರಕಿ ಹೊಡೆಯುತ್ತದೆ. ಆದರೆ ಯಾವ ಅಕ್ಷದ ಸುತ್ತ ತಿರುಗಿಸಬೇಕೆಂಬುದು ಕಠಿಣ ಪ್ರಶ್ನೆ. 1958ರಲ್ಲಿ ಅಮೆರಿಕದ ಎಕ್ಸ್‌ಪ್ಲೋರರ್-1 ಪೆನ್ಸಿಲಿನಂತೆ ಉದ್ದದ ಅಕ್ಷದ ಮೇಲೆ ತಿರುಗುತ್ತ ಹೊರಟಿತು. ಅದರ ಬಳುಕುವ ಆಂಟೆನಾಗಳಲ್ಲಿ ಶಕ್ತಿ ಸೋರಿಹೋಗಿ, ಸ್ವಲ್ಪ ಹೊತ್ತಿಗೆಲ್ಲ ಲಾಗ ಹಾಕತೊಡಗಿತು. ಯಾವ ಅಕ್ಷದಿಂದ ರಾಶಿ ಹೆಚ್ಚು ಹೊರಕ್ಕೆ ಹರಡಿರುತ್ತದೋ ಅದರ ಸುತ್ತ ತಿರುಗಿದರಷ್ಟೇ ಗಿರಕಿ ಬಹುಕಾಲ ಸ್ಥಿರವಾಗಿ ಉಳಿಯುತ್ತದೆ ಎಂಬ ಪಾಠವನ್ನು ಜಗತ್ತಿನ ಎಂಜಿನಿಯರುಗಳೆಲ್ಲ ಅಲ್ಲಿಂದ ಕಲಿತರು.

ಉಪಗ್ರಹದ ಹೆಸರೂ ವಿಷಯಕ್ಕೆ ಹೊಂದುವಂಥದ್ದು. ಖಗೋಳಜ್ಞ ಆರ್ಯಭಟ ಕ್ರಿ.ಶ. 499ರ ಸುಮಾರಿಗೇ ಸಾಪೇಕ್ಷ ಚಲನೆಯನ್ನು ದೋಣಿಯ ಹೋಲಿಕೆಯಿಂದ ವಿವರಿಸಿದ್ದ. ಮುಂದೆ ಸಾಗುವ ದೋಣಿಯಲ್ಲಿ ಕೂತವನಿಗೆ ದಡ ಹಿಂದಕ್ಕೆ ಸರಿದಂತೆ ತೋರುತ್ತದೆ. ತಾರೆಗಳು ಪಶ್ಚಿಮಕ್ಕೆ ಸಾಗುವಂತೆ ಕಾಣುವುದೂ ಹಾಗೆಯೇ.

‘ಮೇಲೆ ಗುರುತ್ವವೇ ಇಲ್ಲ’ ಎಂಬ ತಪ್ಪು ತಿಳಿವಳಿಕೆ ಇಂದಿಗೂ ತರಗತಿಗಳಲ್ಲಿ ಉಳಿದಿದೆ. ಆರ್ಯಭಟ ಉಪಗ್ರಹ ಸುತ್ತುತ್ತಿದ್ದ ಸುಮಾರು 600 ಕಿ.ಮೀ. ಎತ್ತರದಲ್ಲೂ ನೆಲದ ಮೇಲಿನ ಗುರುತ್ವದ ಶೇ. 80ಕ್ಕಿಂತ ಹೆಚ್ಚು ಇದ್ದೇ ಇದೆ. ಉಪಗ್ರಹ ಬೀಳುತ್ತಲೇ ಇರುತ್ತದೆ. ಸೆಕೆಂಡಿಗೆ ಏಳೂವರೆ ಕಿ.ಮೀ. ಅಡ್ಡವೇಗ ಇರುವುದರಿಂದ ನೆಲ ಮುಟ್ಟುವುದಿಲ್ಲ, ಅಷ್ಟೇ.

ವಿದ್ಯುತ್ ಪೂರೈಕೆಯ ದೋಷದಿಂದ ಆರ್ಯಭಟದ ವೈಜ್ಞಾನಿಕ ಪ್ರಯೋಗಗಳು ಕೆಲವೇ ದಿನಗಳಲ್ಲಿ ನಿಂತವು. ಚಲನೆ ನಿಲ್ಲಲಿಲ್ಲ, ಅದಕ್ಕೆ ವಿದ್ಯುತ್ತಿನ ಹಂಗಿರಲಿಲ್ಲ. ಆ ಎತ್ತರದ ತೀರ ತೆಳುವಾದ ಗಾಳಿ ಹದಿನಾರು ವರ್ಷಗಳಿಗೂ ಹೆಚ್ಚು ಕಾಲ ಸವರುತ್ತ, ತಡೆಯುತ್ತ, 1992ರ ಫೆಬ್ರವರಿಯಲ್ಲಿ ಅದನ್ನು ಕೆಳಗಿಳಿಸಿತು.

ಚಂದ್ರನ ಮೇಲೆ ಹೀಗೆ ತಡೆಯಲು ಗಾಳಿಯೂ ಇಲ್ಲ. ವೇಗ ತಗ್ಗಿಸಲು ಎಂಜಿನ್ನಿನ ಬಲವೊಂದೇ ಗತಿ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ಲ್ಯಾಂಡರ್ ಸೆಕೆಂಡಿಗೆ 1.68 ಕಿ.ಮೀ. ವೇಗವನ್ನು ಎಂಜಿನ್ ಉರಿಸುತ್ತಲೇ ಕಳೆದುಕೊಂಡು ನೆಲ ಮುಟ್ಟಿತು. ಅದರ ಒಂದೊಂದು ಅಂಕಿಯನ್ನೂ ಉಸಿರು ಬಿಗಿಹಿಡಿದು ನೋಡುತ್ತಿದ್ದ ಇಸ್ಟ್ರಾಕ್ ನಿಯಂತ್ರಣ ಕೇಂದ್ರ ಇರುವುದೂ ಪೀಣ್ಯದಲ್ಲೇ.