ಉಚಿತ ಉಪಕರಣ, ಮುಕ್ತ ಕೌಶಲ: ಬ್ಲೆಂಡರ್ ಕಲಿಕೆಯ ಚರಿತ್ರೆ

ಕಸುಬುಗಳ ಅಧ್ಯಯನದಲ್ಲಿ ತಯಾರಾದ ವಸ್ತುವಿಗೆ ಸಲ್ಲುವಷ್ಟೇ ಗಮನ ಉಪಕರಣಕ್ಕೂ ಸಲ್ಲಬೇಕು. ಉಪಕರಣ ಯಾರ ಸ್ವತ್ತು, ಅದರ ಬಳಕೆಯನ್ನು ಕಲಿಸುವವರು ಯಾರು, ಅದು ಕೈತಪ್ಪಿದರೆ ಕಲಿತ ಕೌಶಲದ ಗತಿ ಏನು ಎಂಬ ಪ್ರಶ್ನೆಗಳು ಕುಂಬಾರಿಕೆ, ಬಡಗಿತನಗಳಿಗೆ ಅನ್ವಯಿಸುವಂತೆಯೇ ಗಣಕಯಂತ್ರದಲ್ಲಿ ಮೂರು ಆಯಾಮದ ಆಕೃತಿಗಳನ್ನು ರೂಪಿಸುವ ಕಸುಬಿಗೂ ಅನ್ವಯಿಸುತ್ತವೆ. ಪ್ರಸ್ತುತ ಲೇಖನವು ಈ ದೃಷ್ಟಿಯಿಂದ ‘ಬ್ಲೆಂಡರ್’ ತಂತ್ರಾಂಶದ ಚರಿತ್ರೆಯನ್ನೂ ಅದರ ಮಧ್ಯಮ ಹಂತದ ಕಲಿಕೆಯನ್ನೂ ಪರಿಶೀಲಿಸುತ್ತದೆ.

ನೆದರ್‌ಲ್ಯಾಂಡ್ಸಿನ ನಿಯೋಜಿಯೊ ಎಂಬ ಆನಿಮೇಷನ್ ಸಂಸ್ಥೆಯ ಆಂತರಿಕ ಬಳಕೆಗಾಗಿ ಟಾನ್ ರೂಸೆಂಡಾಲ್ ಅವರು ರೂಪಿಸಿದ ಈ ತಂತ್ರಾಂಶದ ಆರಂಭವನ್ನು 1994ರ ಜನವರಿಗೆ ಗುರುತಿಸಲಾಗುತ್ತದೆ. 1998ರಲ್ಲಿ ಇದರ ಪ್ರಸಾರಕ್ಕೆಂದೇ ‘ನಾಟ್ ಎ ನಂಬರ್’ ಎಂಬ ಕಂಪನಿ ಸ್ಥಾಪನೆಯಾಯಿತು. ತಂತ್ರಾಂಶ ಉಚಿತವಾಗಿ ದೊರೆಯುತ್ತಿತ್ತು; ಆದರೆ ಅದರ ಮೂಲಸಂಕೇತ ಕಂಪನಿಯ ಸ್ವತ್ತಾಗಿತ್ತು. 2002ರಲ್ಲಿ ಕಂಪನಿ ಮುಚ್ಚಿದಾಗ ಈ ವ್ಯತ್ಯಾಸ ಎಲ್ಲರಿಗೂ ಮನವರಿಕೆಯಾಯಿತು. ವರ್ಷಗಟ್ಟಲೆ ಅಭ್ಯಾಸ ಮಾಡಿದವರ ಕೌಶಲ ಉಳಿದಿತ್ತು. ಆ ಕೌಶಲ ನಿಂತಿದ್ದ ಉಪಕರಣದ ಬೆಳವಣಿಗೆ ನಿಂತುಹೋಗಿತ್ತು.

ಹೂಡಿಕೆದಾರರು 1,00,000 ಯೂರೋಗಳಿಗೆ ಮೂಲಸಂಕೇತವನ್ನು ಬಿಟ್ಟುಕೊಡಲು ಒಪ್ಪಿದರು. 2002ರ ಜುಲೈ 18ರಂದು ಆರಂಭವಾದ ವಂತಿಗೆ ಸಂಗ್ರಹದಲ್ಲಿ ಏಳು ವಾರಗಳೊಳಗೆ ಅಷ್ಟು ಹಣ ಕೂಡಿತು. ಅದೇ ವರ್ಷ ಅಕ್ಟೋಬರ್ 13ರಂದು ಬ್ಲೆಂಡರ್ ಜಿಎನ್‌ಯು ಸಾರ್ವಜನಿಕ ಪರವಾನಗಿಯಡಿ ಬಿಡುಗಡೆಯಾಯಿತು. ಉಚಿತವಾಗಿದ್ದ ಉಪಕರಣ ಮುಕ್ತವಾದದ್ದು ಹೀಗೆ, ಬಳಸುವವರದೇ ಹಣದಿಂದ.

ಈ ಕಸುಬಿನಲ್ಲಿ ಎದುರಿಗೆ ಕೂತು ಕಲಿಸುವ ಗುರು ಇರುವುದು ಅಪರೂಪ. ಬಹುಪಾಲು ಕಲಿಕೆ ದೃಶ್ಯಪಾಠಗಳ ಅನುಕರಣೆಯಿಂದ ನಡೆಯುತ್ತದೆ. ಆಸ್ಟ್ರೇಲಿಯಾದ ಆಂಡ್ರ್ಯೂ ಪ್ರೈಸ್ ಅವರ ಪಾಠಗಳಿಂದ ಪ್ರಚಾರಕ್ಕೆ ಬಂದ ಡೋನಟ್ ಎಂಬ ಸಿಹಿತಿಂಡಿಯ ಆಕೃತಿ ಅನೇಕರಿಗೆ ಮೊದಲ ಪಾಠವಾಗಿದೆ. ಪ್ರತಿಯೊಬ್ಬರೂ ಅದರ ಬಣ್ಣವನ್ನೂ ಮೇಲಿನ ಸಕ್ಕರೆಯ ಲೇಪವನ್ನೂ ತುಸು ಬದಲಿಸುತ್ತಾರೆ. ಜನಪದ ಕಥೆಯ ಪಾಠಾಂತರಗಳನ್ನು ಬಲ್ಲವರಿಗೆ ಇದು ಅಪರಿಚಿತ ಸಂಗತಿಯಲ್ಲ. ಆದರೆ ಪಾಠವನ್ನು ಒಪ್ಪಿಸುವುದು ಬೇರೆ, ಕಥೆ ಕಟ್ಟುವುದು ಬೇರೆ. ಮಧ್ಯಮ ಹಂತದ ಕಲಿಕೆ ಇವೆರಡರ ನಡುವೆ ಇದೆ.

ಉದಾಹರಣೆಗೆ ನಮ್ಮ ಮನೆಗಳ ಗಿಂಡಿಯನ್ನು ತೆಗೆದುಕೊಳ್ಳಬಹುದು. ಅದರ ಒಡಲನ್ನು ರೂಪಿಸುವುದು ಸುಲಭ. ಒಂದು ಬದಿಯ ಹೊರರೇಖೆಯನ್ನು ಬರೆದು ಅಕ್ಷದ ಸುತ್ತ ತಿರುಗಿಸಿದರೆ, ತಿಗರಿಯ ಮೇಲೆ ಎದ್ದ ಮಡಕೆಯಂತೆ ಒಡಲು ಮೂಡುತ್ತದೆ. ಕಷ್ಟವಿರುವುದು ಕೊಳವೆಯಲ್ಲಿ. ಒಡಲಿನ ಜಾಲದಿಂದ ಉದ್ದಕ್ಕೆ ಎರಡು, ಅಡ್ಡಕ್ಕೆ ಎರಡರಂತೆ ನಾಲ್ಕು ಚೌಕಗಳನ್ನು ತೆಗೆದರೆ ಎಂಟು ಬಿಂದುಗಳ ಅಂಚುಳ್ಳ ತೂತು ಉಂಟಾಗುತ್ತದೆ. ಅದನ್ನು ದುಂಡಗೆ ಮಾಡಿ ಹೊರಕ್ಕೆ ಎಳೆದಾಗ ಕೊಳವೆ ಬೆಳೆಯುತ್ತದೆ. ಆದರೆ ತೂತಿನ ನಾಲ್ಕು ಮೂಲೆಗಳಲ್ಲಿ ಐದೈದು ಅಂಚುಗಳು ಕೂಡುತ್ತವೆ. ಮೇಲ್ಮೈಯನ್ನು ನುಣುಪುಗೊಳಿಸಿದಾಗ ಅಲ್ಲಿಯೇ ಸುಕ್ಕು ಕಾಣಿಸಿಕೊಳ್ಳಬಹುದು. ಈ ಬಿಂದುಗಳು ಎಲ್ಲಿ ಬರುತ್ತವೆ ಎಂಬುದನ್ನು ಮೊದಲೇ ಊಹಿಸಿ, ಅವುಗಳ ಸುತ್ತ ಅಂಚುಗಳಿಗೆ ಸಾಕಷ್ಟು ಜಾಗ ಬಿಡುವವನು ಅನುಕರಣೆಯನ್ನು ದಾಟಿದ್ದಾನೆ ಎನ್ನಬಹುದು. ಯಾವ ಗುಂಡಿಯನ್ನು ಒತ್ತಬೇಕೆಂಬ ಜ್ಞಾನ ಇಲ್ಲಿ ಸಾಲದು. ಆಕೃತಿಯನ್ನು ಓದುವ ಕಣ್ಣು ಬೇಕು.

ಎರಡನೆಯ ಪಾಠ ಕ್ರಮಕ್ಕೆ ಸಂಬಂಧಿಸಿದ್ದು. 2005ರ 2.40ನೆಯ ಆವೃತ್ತಿಯಲ್ಲಿ ಮಾಡಿಫೈಯರುಗಳ ಸರಣಿ ಬಂದಿತು. ಇದರಿಂದ ಮೂಲ ಜಾಲವನ್ನು ಕೆಡಿಸದೆ ಪ್ರತಿಬಿಂಬ, ನುಣುಪುಗಳನ್ನು ಒಂದರ ಮೇಲೊಂದಾಗಿ ಹೇರುವುದು ಸಾಧ್ಯವಾಯಿತು. ಅರ್ಧ ಆಕೃತಿಯನ್ನು ಪ್ರತಿಬಿಂಬಿಸಿದ ನಂತರ ನುಣುಪುಗೊಳಿಸಿದರೆ ಎರಡು ಭಾಗಗಳೂ ಒಂದಾಗುತ್ತವೆ. ಕ್ರಮ ತಿರುಗುಮುರುಗಾದರೆ ನಡುವೆ ಬೆಸುಗೆಯ ಗೆರೆ ಉಳಿಯುತ್ತದೆ.

ಉಪಕರಣ ಬದಲಾದರೂ ರೂಢಿ ಉಳಿಯುವುದುಂಟು. 2012ರ 2.63ನೆಯ ಆವೃತ್ತಿಯವರೆಗೆ ಒಂದು ಮುಖಕ್ಕೆ ಮೂರು ಅಥವಾ ನಾಲ್ಕು ಮೂಲೆಗಳು ಮಾತ್ರ ಇರಬಹುದಾಗಿತ್ತು. ಆ ಮಿತಿ ಹೋದ ಮೇಲೂ ನುಣುಪಾದ ಮೇಲ್ಮೈ ಬೇಕಾದಲ್ಲಿ ಅನುಭವಿಗಳು ನಾಲ್ಕು ಮೂಲೆಗಳ ಮುಖಗಳನ್ನೇ ಆರಿಸುತ್ತಾರೆ. 2019ರ 2.80ನೆಯ ಆವೃತ್ತಿಯಲ್ಲಿ ಆಯ್ಕೆಯ ಕೆಲಸ ಮೌಸಿನ ಬಲಗುಂಡಿಯಿಂದ ಎಡಗುಂಡಿಗೆ ಬಂದಾಗ, ಹಳಬರ ಕೈರೂಢಿಗಾಗಿ ಹಿಂದಿನ ವಿಧಾನವನ್ನೂ ಉಳಿಸಿಕೊಳ್ಳಲಾಯಿತು.

ಲಾಟ್ವಿಯಾದ ಗಿಂಟ್ಸ್ ಜಿಲ್ಬಾಲೋಡಿಸ್ ಅವರು ಬ್ಲೆಂಡರಿನಲ್ಲಿ ರೂಪಿಸಿದ ‘ಫ್ಲೋ’ ಚಿತ್ರಕ್ಕೆ 2025ರಲ್ಲಿ ಅತ್ಯುತ್ತಮ ಆನಿಮೇಷನ್ ಚಿತ್ರದ ಆಸ್ಕರ್ ಪ್ರಶಸ್ತಿ ಬಂದಿತು. ಈ ಗೌರವಕ್ಕಿಂತ ಮುಖ್ಯವಾದ ಸಂಗತಿ 2002ರ ಅನುಭವದಲ್ಲಿದೆ. ಕೌಶಲ ಕಲಿತವನ ಕೈಯಲ್ಲಿರುತ್ತದೆ ಎಂಬುದು ಅರ್ಧಸತ್ಯ. ಉಪಕರಣ ಪರರ ಸ್ವತ್ತಾಗಿರುವವರೆಗೆ ಕೌಶಲವೂ ಒತ್ತೆಯಲ್ಲಿರುತ್ತದೆ. ನಮ್ಮ ಪಾತ್ರೆ, ಬೊಂಬೆ, ಮುಖವಾಡಗಳನ್ನು ಮೂರು ಆಯಾಮಗಳಲ್ಲಿ ದಾಖಲಿಸಲು ಹೊರಡುವ ಸಂಸ್ಥೆಗಳು ತಂತ್ರಾಂಶವನ್ನು ಆರಿಸುವಾಗ ಬೆಲೆಯ ಜೊತೆಗೆ ಒಡೆತನವನ್ನೂ ವಿಚಾರಿಸಬೇಕಾದುದು ಈ ಕಾರಣದಿಂದ.