ಪಾಯಿಂಟ್ ನಂತರ ಅಂಕಿ ಹೆಚ್ಚಿದ್ದರೆ ಲೆಕ್ಕ ಹೆಚ್ಚು ನಿಖರವೇ?

"ಬೀದರ್ ಜಿಲ್ಲೆಯಲ್ಲಿ ಒಂದು ಚದರ ಕಿಲೋಮೀಟರಿಗೆ 312.646842878 ಜನ" ಎಂಬ ಸಾಲು ನಿಮ್ಮ ವಾಟ್ಸಾಪ್ ಗುಂಪಿಗೆ ಬಂತು ಎಂದುಕೊಳ್ಳಿ. ಇಷ್ಟುದ್ದದ ಸಂಖ್ಯೆ ಕಂಡರೆ ಯಾರೋ ಬಹಳ ಜಾಗ್ರತೆಯಿಂದ ಎಣಿಸಿದ್ದಾರೆ ಅನಿಸುತ್ತದೆ. ಇದು ನಿಜವೇ?

ಅಲ್ಲ. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 17,03,300. ವಿಸ್ತೀರ್ಣ 5,448 ಚದರ ಕಿ.ಮೀ. ಒಂದನ್ನು ಇನ್ನೊಂದರಿಂದ ಭಾಗಿಸಿದಾಗ ಆ ಉದ್ದದ ಸಂಖ್ಯೆ ಬರುತ್ತದೆ. ಆದರೆ 5,448 ಎಂದರೆ 5,447.5ರಿಂದ 5,448.5ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಹಾಗಾಗಿ ಉತ್ತರವೂ ಸುಮಾರು 312.62ರಿಂದ 312.68ರವರೆಗೆ ಅತ್ತಿತ್ತ ಆಗುತ್ತದೆ. ಮೊದಲ ನಾಲ್ಕು ಅಂಕಿ ಗಟ್ಟಿ, ಉಳಿದದ್ದು ಬರೀ ಬಾಲ.

ಸಾರ್ಥಕ ಅಂಕಿ ಎಂದರೇನು?

ನಂಬಬಹುದಾದ ಅಂಕಿಗಳೇ ಸಾರ್ಥಕ ಅಂಕಿಗಳು. ಸೊನ್ನೆಯಲ್ಲದ ಮೊದಲ ಅಂಕಿಯಿಂದ ಎಣಿಕೆ ಶುರು. 312.6ರಲ್ಲಿ ನಾಲ್ಕು, 0.0046ರಲ್ಲಿ ಎರಡೇ.

ಕಂಪ್ಯೂಟರಿಗೆ ಹೇಳುವುದು ಹೇಗೆ?

ಎಷ್ಟು ಅಂಕಿ ಬೇಕೆಂದು ನಾವು ಹೇಳದಿದ್ದರೆ ಕಂಪ್ಯೂಟರ್ ಇಡೀ ಬಾಲವನ್ನೇ ತೋರಿಸುತ್ತದೆ. ಪೈಥಾನ್ ಭಾಷೆಯಲ್ಲಿ '.4ಜಿ' ಎಂಬ ಫಾರ್ಮ್ಯಾಟ್ ಕೊಟ್ಟರೆ ನಾಲ್ಕು ಸಾರ್ಥಕ ಅಂಕಿ, ಅಂದರೆ 312.6 ಸಿಗುತ್ತದೆ. '.4ಎಫ್' ಎಂದರೆ ಪಾಯಿಂಟ್ ನಂತರ ನಾಲ್ಕು ಅಂಕಿ, ಅಂದರೆ 312.6468. ಜಾವಾಸ್ಕ್ರಿಪ್ಟ್‌ನಲ್ಲಿ ಈ ಎರಡು ಕೆಲಸಕ್ಕೆ 'ಟೂಪ್ರಿಸಿಶನ್', 'ಟೂಫಿಕ್ಸ್ಡ್' ಇವೆ.

ಒಂದು ಎಚ್ಚರಿಕೆ: 17,03,300ಕ್ಕೆ '.3ಜಿ' ಕೊಟ್ಟರೆ ಪೈಥಾನ್ '1.7ಇ+06' ಎಂದು ಬರೆಯುತ್ತದೆ. ಇದು ಒಂದೂವರೆ ಚಿಲ್ಲರೆ ಅಲ್ಲ; 1.7 ಅನ್ನು ಹತ್ತು ಲಕ್ಷದಿಂದ ಗುಣಿಸಿ, 17 ಲಕ್ಷ ಎಂದು ಓದಬೇಕು.

ಹಾಗಾದರೆ ಬಾಲ ಕತ್ತರಿಸುವುದು ಯಾವಾಗಲೂ ಸರಿಯೇ?

ಇಲ್ಲ. ಲೊಕೇಶನ್ ಕಳಿಸುವಾಗ ಇದೇ ಕತ್ತರಿ ತೊಂದರೆ ಕೊಡುತ್ತದೆ. ದತ್ತ ಜಯಂತಿಯ ಜಾತ್ರೆಗೆ ಮಾಣಿಕನಗರಕ್ಕೆ ಬಂದ ಒಬ್ಬರಿಗೆ ಎದೆನೋವು ಬಂತು, ಆಂಬ್ಯುಲೆನ್ಸ್‌ನವರಿಗೆ ಅಕ್ಷಾಂಶ, ರೇಖಾಂಶ ಕಳಿಸಬೇಕು ಎಂದುಕೊಳ್ಳಿ. ಒಂದು ಡಿಗ್ರಿ ಅಕ್ಷಾಂಶ ಎಂದರೆ ನೆಲದ ಮೇಲೆ ಸುಮಾರು 111 ಕಿ.ಮೀ. ಹುಮನಾಬಾದ್ ಭಾಗದ ಅಕ್ಷಾಂಶ ಸುಮಾರು 17.77. ಇಲ್ಲಿ ನಾಲ್ಕೇ ಸಾರ್ಥಕ ಅಂಕಿ ಉಳಿಸಿದರೆ ಜಾಗ ಅರ್ಧ ಕಿಲೋಮೀಟರಿಗಿಂತ ಹೆಚ್ಚು ತಪ್ಪಬಹುದು. ಮೂರೇ ಉಳಿಸಿದರೆ ಐದು ಕಿಲೋಮೀಟರಿಗಿಂತ ಹೆಚ್ಚು!

ಪಾಯಿಂಟ್ ನಂತರ ಐದು ಅಂಕಿ ಇದ್ದರೆ ಸುಮಾರು ಒಂದು ಮೀಟರಿನಷ್ಟು ಸೂಕ್ಷ್ಮವಾಗಿ ಜಾಗ ಹೇಳಿದಂತೆ. ಬಯಲಿನಲ್ಲಿ ನಿಂತಾಗಲೂ ಸಾಮಾನ್ಯ ಫೋನಿನ ಜಿಪಿಎಸ್ ಸುಮಾರು ಐದು ಮೀಟರ್ ಆಚೀಚೆ ತೋರಿಸುವುದರಿಂದ ಅದಕ್ಕಿಂತ ಹೆಚ್ಚು ಅಂಕಿಯಿಂದ ಲಾಭವಿಲ್ಲ. ಆದ್ದರಿಂದ ಲೊಕೇಶನ್‌ಗೆ '.5ಎಫ್' ಸರಿ, '.4ಜಿ' ಅಪಾಯ.

ಫಾರ್ವರ್ಡ್ ಮಾಡುವ ಮುನ್ನ

ಉದ್ದನೆಯ ಸಂಖ್ಯೆ ಕಂಡಾಗ ಎರಡು ಪ್ರಶ್ನೆ ಕೇಳಿಕೊಳ್ಳಿ. ಇದನ್ನು ಅಳೆದದ್ದು ಯಾವುದರಿಂದ, ಎಷ್ಟು ಸೂಕ್ಷ್ಮವಾಗಿ? ಒಂದು ಅಂಕಿ ಬಿಟ್ಟರೆ ಯಾರಿಗಾದರೂ ತೊಂದರೆ ಆಗುತ್ತದೆಯೇ? ಅಳತೆಯಲ್ಲಿ ಇಲ್ಲದ ನಿಖರತೆ ಪಾಯಿಂಟ್ ನಂತರದ ಅಂಕಿಗಳಿಂದ ಬರುವುದಿಲ್ಲ. ಅಳತೆಯಲ್ಲಿ ಇರುವ ನಿಖರತೆಯನ್ನು ಕತ್ತರಿಸಿ ಕಳೆದುಕೊಳ್ಳಲೂ ಬಾರದು.