ಟೈಪಿಂಗ್ ಶಾಲೆಯಿಂದ ಕಂಪ್ಯೂಟರ್ ಕೋಣೆಗೆ

ಕೆರಗೋಡು ಮಂಡ್ಯ ತಾಲೂಕಿನ ಹೋಬಳಿ ಕೇಂದ್ರ. ಕಬ್ಬು, ಭತ್ತದ ಸೀಮೆ. ನಲವತ್ತು ವರ್ಷದ ಹಿಂದೆ ಇಂಥ ಊರಿನ ಹುಡುಗನೋ ಹುಡುಗಿಯೋ ಎಸ್ಸೆಸ್ಸೆಲ್ಸಿ ಮುಗಿಸಿ ಗುಮಾಸ್ತೆ ಕೆಲಸದ ಕನಸು ಕಂಡರೆ ಹಿರಿಯರು ತೋರಿಸುತ್ತಿದ್ದುದು ಮಂಡ್ಯದ ಬಸ್ಸನ್ನು. ಪೇಟೆಯ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ತಿಂಗಳ ಫೀಸು ಕಟ್ಟಿ, ದಿನಕ್ಕೊಂದು ಗಂಟೆ ಕೂತು, ಕೀಲಿ ನೋಡದೆ ಎಎಸ್‌ಡಿಎಫ್ ಕುಟ್ಟಬೇಕು. ಜೂನಿಯರ್, ಆಮೇಲೆ ಸೀನಿಯರ್ ಪರೀಕ್ಷೆ ಪಾಸಾಗಿ ಸರ್ಟಿಫಿಕೇಟು ಕೈಗೆ ಬಂದ ಮೇಲೆ ಅರ್ಜಿ ಹಾಕುವ ಮಾತು. ಆ ಯಂತ್ರಕ್ಕೂ ಹೈಸ್ಕೂಲಿಗೂ ಸಂಬಂಧವೇ ಇರಲಿಲ್ಲ. ಬೆರಳಚ್ಚು ಎಂಬುದು ಶಾಲೆ ಮುಗಿದ ಮೇಲೆ ದುಡ್ಡು ಕೊಟ್ಟು ಕಲಿಯುವ ಕಸುಬು.

ಕನ್ನಡ ಬೆರಳಚ್ಚು ಇನ್ನೂ ಕಷ್ಟದ್ದು. ಅನಂತಸುಬ್ಬರಾಯರು ರೂಪಿಸಿದ ಕೀಲಿಮಣೆ ಕನ್ನಡವನ್ನು ಯಂತ್ರಕ್ಕೆ ತಂದಿತೇನೋ ನಿಜ. ಆದರೆ ತಲಕಟ್ಟು, ಕೊಂಬು, ಒತ್ತು ಎಲ್ಲವನ್ನೂ ಇಂಗ್ಲಿಷಿಗೆಂದು ಹುಟ್ಟಿದ ಯಂತ್ರದ ಕೆಲವೇ ಕೀಲಿಗಳೊಳಗೆ ತುರುಕಬೇಕಿತ್ತು. ಕಲಿಯುವವರು ಅಕ್ಷರದ ಉಚ್ಚಾರವನ್ನು ಮರೆತು ಅದರ ತುಂಡುಗಳನ್ನು ನೆನಪಿಡಬೇಕಾಗಿತ್ತು.

ಶಾಲೆಗೆ ಕಂಪ್ಯೂಟರ್ ತರುವ ಮೊದಲ ಪ್ರಯತ್ನ ದೆಹಲಿಯದು. 1984ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಎಂಬ ಯೋಜನೆಯಲ್ಲಿ ದೇಶದ ಸುಮಾರು 250 ಶಾಲೆಗಳಿಗೆ ಬ್ರಿಟನ್ನಿನ ಬಿಬಿಸಿ ಮೈಕ್ರೋ ಕೊಡಿಸಿತು. ಇಡೀ ದೇಶಕ್ಕೆ 250 ಎಂದರೆ ಹೋಬಳಿ ಮಟ್ಟಕ್ಕೆ ಇಳಿಯುವ ಮಾತೇ ಇಲ್ಲ. ಇತ್ತ ಮಂಡ್ಯದಲ್ಲಿ ಕೆ.ವಿ. ಶಂಕರಗೌಡರ ಮುಂದಾಳತ್ವದಲ್ಲಿ 1962ರಷ್ಟು ಹಿಂದೆಯೇ ಪಿಇಎಸ್ ಇಂಜಿನಿಯರಿಂಗ್ ಕಾಲೇಜು ತಲೆಯೆತ್ತಿತ್ತು. ಜಿಲ್ಲೆ ಇಂಜಿನಿಯರುಗಳನ್ನು ತಯಾರು ಮಾಡುತ್ತಿತ್ತು. ಅದರ ಹಳ್ಳಿಯ ಹೈಸ್ಕೂಲು ಮಕ್ಕಳು ಕೀಲಿಮಣೆ ಮುಟ್ಟಲು ಇನ್ನೂ ನಾಲ್ಕು ದಶಕ ಕಾಯಬೇಕಾಯಿತು.

ಬಾಗಿಲು ತೆರೆದದ್ದು ‘ಮಾಹಿತಿ ಸಿಂಧು’. ಮದ್ದೂರು ತಾಲೂಕಿನ ಸೋಮನಹಳ್ಳಿಯ ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದ ಕಾಲ ಅದು. 2001ರ ಹೊತ್ತಿಗೆ ರಾಜ್ಯದ ಸುಮಾರು ಸಾವಿರ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಕೊಡುವ ಯೋಜನೆ ಶುರುವಾಯಿತು. ಯಂತ್ರ ಹಾಕುವುದು, ಕಲಿಸುವವರನ್ನು ಕಳಿಸುವುದು, ದುರಸ್ತಿ ನೋಡಿಕೊಳ್ಳುವುದು ಎಲ್ಲವೂ ಖಾಸಗಿ ಕಂಪನಿಗಳ ಗುತ್ತಿಗೆ. ಅದೇ ಹೊತ್ತಿಗೆ ‘ಭೂಮಿ’ ಯೋಜನೆ 177 ತಾಲೂಕುಗಳ ಪಹಣಿಯನ್ನು ಕಂಪ್ಯೂಟರಿಗೆ ಏರಿಸಿ, 15 ರೂಪಾಯಿಗೆ ಅಚ್ಚು ಹಾಕಿ ಕೊಡತೊಡಗಿತ್ತು. ಅಪ್ಪನ ಹೆಸರು ಕನ್ನಡದಲ್ಲಿ ಕಂಪ್ಯೂಟರಿನಿಂದ ಹೊರಬರುವುದನ್ನು ರೈತರ ಮಕ್ಕಳು ಮೊದಲು ಕಂಡದ್ದು ತಾಲೂಕು ಕಚೇರಿಯಲ್ಲಿ. ಶಾಲೆಯ ಪಾಠ ಮಾತ್ರ ಬೇರೆ ಜಾಡಿನದು: ಪೇಂಟ್‌ನಲ್ಲಿ ಮನೆ ಬರೆ, ವರ್ಡ್ ತೆರೆ, ಹೆಸರು ಟೈಪ್ ಮಾಡು, ಬೋಲ್ಡ್ ಮಾಡು, ಅಡಿಗೆರೆ ಎಳೆ, ಸೇವ್ ಮಾಡು. ಕೊನೆಗೊಂದು ರಜೆ ಅರ್ಜಿ, ಅದೂ ಇಂಗ್ಲಿಷಿನಲ್ಲಿ. ದಿನವಿಡೀ ಕನ್ನಡದಲ್ಲಿ ನೋಟ್ಸ್ ಬರೆಯುವ ಮಕ್ಕಳಿಗೆ ಕನ್ನಡದಲ್ಲಿ ಟೈಪ್ ಮಾಡುವುದು ಪಠ್ಯದ ಬಾಲದಲ್ಲಿ ಉಳಿದರೆ ಅದು ತಲೆಕೆಳಗಾದ ಕ್ರಮವೇ ಸರಿ.

ಹಾಗೆಂದು ಕನ್ನಡದ ಉಪಕರಣಗಳು ಇರಲಿಲ್ಲವೆಂದಲ್ಲ. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲೇ ಬಂದಿತ್ತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರಿ ಕಚೇರಿಗಳನ್ನು ಹೊಕ್ಕಿತ್ತು. ಅದರ ಕೀಲಿಮಣೆಗೆ ಆಧಾರ ಕಿನ್ನಿಕಂಬಳದ ಕೆ.ಪಿ. ರಾವ್ ಅವರ ವಿನ್ಯಾಸ. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ ತಮ್ಮ ತಂತ್ರಾಂಶಕ್ಕೆ ‘ಸೇಡಿಯಾಪು’ ಎಂದು ಹೆಸರಿಟ್ಟವರು ಅವರು. ಅವರ ಜಾಣ್ಮೆ ಇಷ್ಟೇ: ಅಕ್ಷರವನ್ನು ತುಂಡು ಮಾಡಬೇಡಿ, ಉಚ್ಚರಿಸಿದ ಹಾಗೆ ಒತ್ತಿ. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದರೆ ಖ. ಒತ್ತಕ್ಷರ ಬೇಕೆಂದರೆ ನಡುವೆ ಎಫ್. ‘ಮಂಡ್ಯ’ ಎಂದು ಬರೆಯಲು ಎಂ, ಶಿಫ್ಟ್ ಜೊತೆ ಎಂ, ಡಬ್ಲ್ಯು, ಎಫ್, ವೈ: ಐದು ಹೊಡೆತ. ಕನ್ನಡದಲ್ಲಿ ಹೆಜ್ಜೆಹೆಜ್ಜೆಗೂ ಒತ್ತಕ್ಷರ ಬರುತ್ತದೆ, ಎಫ್ ಕೀಲಿಯೋ ಎಡಗೈ ತೋರುಬೆರಳಿನ ಕೆಳಗೇ ಇದೆ. ಕಾಗುಣಿತ ಬಲ್ಲ ಎಂಟನೇ ತರಗತಿಯ ಮಗುವಿಗೆ ಇದು ಹೊಸ ವಿದ್ಯೆಯಲ್ಲ, ಬಲ್ಲದ್ದರ ಮುಂದುವರಿಕೆ. ಹಳೆಯ ಯಂತ್ರದಲ್ಲಿ ತಿಂಗಳುಗಟ್ಟಲೆ ತಿಣುಕಿದವರು ಹೊಟ್ಟೆಕಿಚ್ಚು ಪಟ್ಟರೂ ತಪ್ಪಿಲ್ಲ.

ಮುಂದೆ 2004ರ ಕೇಂದ್ರದ ‘ಐಸಿಟಿ @ ಸ್ಕೂಲ್ಸ್’ ಯೋಜನೆ ಬಂತು. ಶಾಲೆಗೆ ಹತ್ತು ಕಂಪ್ಯೂಟರ್ ಎಂಬುದು ಅದರ ಅಳತೆ. ತರಗತಿಯಲ್ಲಿ ನಲವತ್ತು ಮಕ್ಕಳಿದ್ದರೆ ಒಂದು ಯಂತ್ರಕ್ಕೆ ನಾಲ್ವರು. ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಒಬ್ಬರ ಪಾಲಿಗೆ ಹತ್ತು ನಿಮಿಷ, ಅದೂ ಕರೆಂಟ್ ಇದ್ದರೆ. ಮೌಸ್ ಮುನ್ನುಗ್ಗುವವರ ಕೈಗೇ ಹೋಗುತ್ತಿತ್ತು ಎಂಬುದನ್ನು ಊಹಿಸಲು ಕಷ್ಟವಿಲ್ಲ. ಇಲ್ಲೂ ಕಂಪನಿಗಳದೇ ಗುತ್ತಿಗೆ, ಅದರ ಅವಧಿ ಐದು ವರ್ಷ. ಅದು ಮುಗಿದರೆ ಯಂತ್ರಗಳು ಶಾಲೆಗೆ, ಕಲಿಸುವವರು ಮನೆಗೆ. ಯುಪಿಎಸ್ ಬ್ಯಾಟರಿ ಸತ್ತರೆ ಬದಲಿಸಲು ದುಡ್ಡಿಲ್ಲದೆ ಎಷ್ಟೋ ಕಡೆ ಕೋಣೆಗೆ ಬೀಗ ಬಿತ್ತು.

ಆಮೇಲೆ ಜವಾಬ್ದಾರಿ ಹೊರಳಿದ್ದು ಶಾಲೆಯ ಮೇಷ್ಟ್ರು, ಮೇಡಂಗಳ ಕಡೆಗೆ. ಸರ್ಕಾರಿ ನೌಕರರಿಗೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ವಿಧಿಸುವ ನಿಯಮ 2012ರಲ್ಲಿ ಬಂತು. 2016ರ ನಂತರ ತಂತ್ರಜ್ಞಾನದ ನೆರವಿನ ಕಲಿಕೆಗೆಂದು ಬಂದ ‘ಟಾಲ್ಪ್’ ತರಬೇತಿಯಲ್ಲಿ ಗಣಿತ, ವಿಜ್ಞಾನ, ಭಾಷೆ ಕಲಿಸುವವರೇ ಕೀಲಿಮಣೆಯ ಮುಂದೆ ಕೂತರು. ಕಲಿಸಲು ಹೊರಗಿನಿಂದ ಬಂದವರು ಹೊರಟುಹೋಗುತ್ತಾರೆ, ಊರಿನ ಶಾಲೆಯ ಮೇಷ್ಟ್ರು ಉಳಿಯುತ್ತಾರೆ. ಮೊದಲೇ ಹೊಳೆಯಬೇಕಿದ್ದ ಲೆಕ್ಕ ಇದು.

ಇನ್ನೂ ಒಂದು ತೊಡಕಿದೆ, ಅದು ಅಂಕದ್ದು. ಎಸ್ಸೆಸ್ಸೆಲ್ಸಿಯ ಮುಖ್ಯ ವಿಷಯಗಳ ಸಾಲಿನಲ್ಲಿ ಕಂಪ್ಯೂಟರ್ ಇಲ್ಲ. ಹತ್ತನೇ ತರಗತಿಯಲ್ಲಿ ಪರೀಕ್ಷೆ ಹತ್ತಿರವಾದರೆ ಆ ಪೀರಿಯಡ್ಡು ಗಣಿತ, ವಿಜ್ಞಾನದ ವಿಶೇಷ ತರಗತಿಗೆ ಹೋಗುವುದು ಸಹಜ. ಎನ್‌ಎಸ್‌ಕ್ಯೂಎಫ್ ವೃತ್ತಿಶಿಕ್ಷಣ ಇರುವ ಕೆಲವು ಪ್ರೌಢಶಾಲೆಗಳಲ್ಲಿ ಮಾತ್ರ ಮಕ್ಕಳು ತೃತೀಯ ಭಾಷೆಯ ಬದಲು ಮಾಹಿತಿ ತಂತ್ರಜ್ಞಾನ ಆರಿಸಿಕೊಳ್ಳಬಹುದು. ಅಲ್ಲಿ ದಾಖಲೆ ಟೈಪ್ ಮಾಡಿ, ಅಂದಗೊಳಿಸಿ, ಸೇವ್ ಮಾಡಿದ್ದಕ್ಕೆ ಅಂಕಪಟ್ಟಿಯಲ್ಲಿ ಜಾಗವಿದೆ.